ಬೀಗದ ಕೋಣೆಯಿಂದ ಲಾಡು ಹೋದದ್ದೆಲ್ಲಿಗೆ

"ಬೀಗ ಹಾಕಿದ ಹಾಗೇ ಉಂಟು ಬಾಯಿ. ಒಳಗೆ ಲಾಡು ಇಲ್ಲ."

ಕೆಳಗಿನ ಪೋರ್ಷನ್ನಿನ ವೆನಿಟಾ ನಮ್ಮ ಬಾಗಿಲಲ್ಲಿ ನಿಂತು ಹೇಳಿದಾಗ ಸಂಜೆ ಆರೂವರೆ. ಕೊಲ್ಲಿ ನಾಡಿನ ಮುಐದರ್‌ನಲ್ಲಿ, ಹಲವು ಬಾಡಿಗೆ ಮನೆಗಳಾಗಿ ಹಂಚಿದ್ದ ನಮ್ಮ ವಿಲ್ಲಾದ ಅಂಗಳದಲ್ಲಿ ಹ್ಯಾಲೋವೀನ್ ಪಾರ್ಟಿ ನಡೆದಿತ್ತು. ವೆನಿಟಾ ಕಬಾಬ್ ಕರಿಯಲು ಒಳಗೆ ಹೋಗುವಾಗ ತನ್ನ ಮಾಟಗಾತಿಯ ನಿಲುವಂಗಿ, ಮುಖವಾಡಗಳನ್ನು ನನಗೆ ತೊಡಿಸಿದ್ದಳು. ಸ್ಪೀಕರಿನ ಅಬ್ಬರದಲ್ಲಿ ಯಾರು ಏನಂದರೂ ತಲೆಯಾಡಿಸಿ, ಚಾಕಲೇಟು ಕೊಟ್ಟು, ಸುಸ್ತಾಗಿ ನಾನು ಆಗಷ್ಟೇ ಒಳಗೆ ಬಂದಿದ್ದೆ.

ನನ್ನ ಜೊತೆ ರೂಮಿನಲ್ಲಿದ್ದ ಪರ್ಪೆಚುವಾ ಬಾಯಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ವಿಲ್ಲಾದಲ್ಲಿ ಏನು ಕಳೆದರೂ ಎಲ್ಲರೂ ಬರುತ್ತಿದ್ದುದು ಅವರ ಬಳಿಗೇ.

ಲಾಡು ಬೀದಿಯಿಂದ ಬಂದ ನಾಯಿ, ಸದ್ದಿಗೆ ನಡುಗುತ್ತಿತ್ತು. ಹಿಂದಿನ ದಿನ ಮೆಟ್ಟಿಲ ಬಳಿ ವಿಲ್ಲಾದವರೆಲ್ಲ ಇದ್ದಾಗ ಬಾಯಿಯೇ ವೆನಿಟಾಗೆ ಹೇಳಿದ್ದರು: "ಪಾರ್ಟಿಗೆ ಮೊದಲೇ ಸ್ಟೋರ್ ರೂಮಿನಲ್ಲಿ ಬಿಡು. ಫ್ಯಾನ್ ಹಾಕು. ನಿನ್ನ ಹಳೇ ನೈಟಿ ಹಾಸು, ನಿನ್ನ ವಾಸನೆ ಇದ್ರೆ ಅದಕ್ಕೆ ಧೈರ್ಯ." ವೆನಿಟಾ ಹಾಗೆಯೇ ಮಾಡಿದ್ದಳು. ಮಕ್ಕಳು ತೆರೆಯದಿರಲೆಂದು ಬೀಗವನ್ನೂ ಹಾಕಿದ್ದಳು.

ನಾವು ಹೋಗಿ ನೋಡಿದೆವು. ಓಣಿಯ ಕಡೆಗಿದ್ದ ಆ ಕೋಣೆಗೆ ಕಿಟಕಿ ಇರಲಿಲ್ಲ. ಫ್ಯಾನ್ ತಿರುಗುತ್ತಿತ್ತು. ನೈಟಿ ಇರಲಿಲ್ಲ, ಮೊಳೆಗೆ ನೇತುಹಾಕಿದ್ದ ಲಾಡುವಿನ ಹಗ್ಗವೂ ಇರಲಿಲ್ಲ. ಕೊರಳ ಗೆಜ್ಜೆಯನ್ನು ಯಾರೋ ಬಿಚ್ಚಿ ಕಪಾಟಿನ ಮೇಲೆ ಇಟ್ಟಿದ್ದರು. ಬಾಗಿಲ ಒಳಬದಿಯಲ್ಲಿ ಹೊಸ ಗೀರುಗಳಿದ್ದವು. ನೈಟಿ ಕದ್ದು ಗೆಜ್ಜೆ ಬಿಟ್ಟುಹೋಗಿ, ಮತ್ತೆ ಬೀಗ ಹಾಕುವ ಕಳ್ಳ ಎಂಥವನೆಂದು ನನಗೆ ಅರ್ಥವೇ ಆಗಲಿಲ್ಲ.

"ರೂಬೆನ್ ಅಲ್ಲದೆ ಬೇರೆ ಯಾರು?" ಎಂದಳು ವೆನಿಟಾ. ಮಹಡಿಯ ರೂಬೆನ್ ನಾಯಿಯ ಬಗ್ಗೆ ಎರಡು ಸಲ ಮಾಲೀಕರಿಗೆ ಹೇಳಿದ್ದ. ಇನ್ನೊಂದು ದೂರು ಬಂದರೆ ನಾಯಿ ವಿಲ್ಲಾದಲ್ಲಿ ಇರಬಾರದೆಂದು ಮಾಲೀಕರು ಎಚ್ಚರಿಸಿದ್ದರು. ಈಗ ರೂಬೆನ್ನನ ಕಾರು ಇರಲಿಲ್ಲ, ಫೋನ್ ಅವನ ಮನೆಯೊಳಗೇ ರಿಂಗಾಗುತ್ತಿತ್ತು.

ಪಕ್ಕದ ಪೋರ್ಷನ್ನಿನ ಸಾಲಿಹಾಗೆ ನಾಯಿಯೆಂದರೆ ವಿಪರೀತ ಭಯ. ಅವಳು ಹೇಳಿದಳು: "ಸ್ಪೀಕರನ್ನು ಈ ಗೋಡೆಗೆ ತಂದಿಟ್ಟ ಮೇಲೆ ಒಳಗಿಂದ ಧಡಧಡ ಸದ್ದು. ಆರು ಗಂಟೆಗೆ ನಿಂತಿತು. ನಾನು ಮುಟ್ಟಲಿಕ್ಕೆ ಹೋಗಿಲ್ಲ ಬಾಯಿ."

ಬಾಯಿ ನನ್ನಿಂದ ನಮ್ಮ ಸ್ಟೋರಿನ ಕೀಲಿಯನ್ನು ಇಸಿದುಕೊಂಡು ಆ ಬೀಗಕ್ಕೆ ಹಾಕಿದರು. ತೆರೆಯಿತು. ಮಾಲೀಕರು ಸ್ಟೋರುಗಳಿಗೆಲ್ಲ ಒಂದೇ ಕೀಲಿಗೆ ತೆರೆಯುವ ಬೀಗ ಕೊಡಿಸಿದ್ದರು.

"ಯಲ್ಲಾ, ಬೇಗ, ಮೊದಲು ಆ ಸ್ಪೀಕರ್ ಖಲಾಸ್ ಮಾಡಿ. ಆಮೇಲೆ ಎಲ್ಲರೂ ವೆನಿಟಾನ ಹಾಲಿಗೆ ಬನ್ನಿ," ಎಂದರು ಬಾಯಿ.

ಎಲ್ಲರೂ ಕುಳಿತ ಮೇಲೆ ಅವರು ಮಾತು ಶುರುಮಾಡಿದರು.

"ಬೀಗ ನಮ್ಮಲ್ಲಿ ಯಾರು ಬೇಕಾದರೂ ತೆಗೆಯಬಹುದು. ನೈಟಿ ಯಾಕೆ ಹಾಸಿದ್ದು ಅಂತ ಗೊತ್ತಿರುವುದು ನಿನ್ನೆ ಮೆಟ್ಟಿಲ ಹತ್ತಿರ ಇದ್ದವರಿಗೆ. ಗೆಜ್ಜೆ ಬಿಚ್ಚಿದ್ದು ಹೆದರಿದ ನಾಯಿಗೆ ಅದರ ಸದ್ದೂ ಬೇಡ ಅಂತ. ಕೊರಳಿಗೆ ಕೈ ಹಾಕುವ ಧೈರ್ಯ ಸಾಲಿಹಾಗೆ ಇಲ್ಲ. ಉಳಿದದ್ದು ಈಗ ಇಲ್ಲಿಲ್ಲದ ರೂಬೆನ್. ಅವನು ಕದ್ದದ್ದಲ್ಲ. ಈ ಗಲಾಟೆಯಲ್ಲಿ ಸದ್ದು ಕೇಳದ ಜಾಗ ಅಂದ್ರೆ ಗ್ಲಾಸ್ ಏರಿಸಿದ ಕಾರು."

"ಹಾಗಿದ್ರೆ ನನಗೆ ಹೇಳಬಹುದಿತ್ತಲ್ಲ?" ಎಂದಳು ವೆನಿಟಾ.

"ಹೇಳಿದ್ದಾನೆ. ಮಾಟಗಾತಿಯ ನಿಲುವಂಗಿಯಲ್ಲಿದ್ದ ವೆನಿಟಾನ ಹತ್ತಿರ." ಬಾಯಿ ನನ್ನ ಕಡೆ ತಿರುಗಿದರು. "ಅಮಿತಾ, ಆರು ಗಂಟೆಗೆ ನಿನ್ನ ಕಿವಿಯ ಹತ್ತಿರ ಬಗ್ಗಿ ಮಾತಾಡಿದ್ದು ಯಾರು?"

ಯಾರೋ ಬಗ್ಗಿದ್ದು ನಿಜ. ನಾನು ತಲೆಯಾಡಿಸಿ, ಮುಖ ನೋಡದೆ ಅವರ ಕೈಯಲ್ಲೂ ಒಂದು ಚಾಕಲೇಟು ಇಟ್ಟಿದ್ದೆ.

ಹೊರಗೆ ಕಾರು ನಿಂತಿತು. ನೈಟಿಯಲ್ಲಿ ಸುತ್ತಿದ ಲಾಡುವನ್ನು ಎತ್ತಿಕೊಂಡು ರೂಬೆನ್ ಒಳಗೆ ಬಂದು, ಎಲ್ಲರ ಮುಖ ನೋಡಿ ಗಲಿಬಿಲಿಗೊಂಡ.

"ಬಾಗಿಲಿಗೆ ತಲೆ ಚಚ್ಚಿಕೊಳ್ತಿತ್ತು. ಹಾಗಾಗಿ ಕೊಂಡೋಗ್ತೇನೆ ಅಂದೆ. ನೀವು ಹೂಂ ಅಂತ ತಲೆಯಾಡಿಸಿದ್ರಿ," ಎಂದ ವೆನಿಟಾಳ ಕಡೆ ನೋಡಿ.

ವೆನಿಟಾ ನಾಯಿಯನ್ನು ತೆಗೆದುಕೊಳ್ಳುತ್ತಾ ಕೇಳಿದಳು, "ಮತ್ತೆ ಮಾಲೀಕರಿಗೆ ದೂರು ಕೊಟ್ಟದ್ದು?"

"ಬೊಗಳ್ತದೆ ಅಂತ ಅಲ್ಲ. ನೀವು ಡ್ಯೂಟಿಗೆ ಹೋದ ಮೇಲೆ ಅದು ಒಂಟಿಯಾಗಿ ಅಳ್ತದೆ ಅಂತ. ನನ್ನ ಅರಬಿಯಲ್ಲಿ ಅವರಿಗೆ ಎಂತ ಅರ್ಥ ಆಯ್ತೋ."

ಲಾಡು ವೆನಿಟಾಳ ಮಡಿಲಿನಿಂದ ಇಳಿದು ರೂಬೆನ್ನನ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಅವನು ಕಾಲು ಅಲುಗಿಸದೆ ನಿಂತ.

ವೆನಿಟಾ ಕುರ್ಚಿಯೊಂದನ್ನು ಅವನ ಹಿಂದಕ್ಕೆ ಸರಿಸಿದಳು. "ನಾಳೆ ನನಗೆ ಎರಡು ಗಂಟೆಗೆ ಡ್ಯೂಟಿ. ನೀವು ಮನೆಯಲ್ಲಿ ಇರ್ತೀರಾ?"

"ಇರ್ತೇನೆ," ಎಂದು ರೂಬೆನ್ ಕುಳಿತುಕೊಂಡ.