ಉತ್ತರಕ್ಕೆ ಸರಿದ ಐದು ಗೇಮ್‌ಗಳು

“ಮುಟ್ಟಬೇಡ ಕಣೇ, ಪೂಜೆ ಆಗಿದೆ.”

ಜಾಹ್ನವಿಯ ಕೈ ಅರ್ಧಕ್ಕೇ ನಿಂತಿತು. ಸ್ಕೂಲ್ ಬ್ಯಾಗ್ ಇನ್ನೂ ಬೆನ್ನ ಮೇಲೇ ಇತ್ತು. ದೇವರ ಮುಂದೆ ಅಪ್ಪನ ಲ್ಯಾಪ್‌ಟಾಪ್, ಅಮ್ಮನ ಮಿಕ್ಸಿ, ಸ್ಕ್ರೂಡ್ರೈವರ್‌ಗಳ ಡಬ್ಬಿ ಸಾಲಾಗಿ ಕೂತಿದ್ದವು. ಅವೆಲ್ಲಕ್ಕಿಂತ ಮುಂದೆ, ಮಣೆಯ ಮೇಲೆ, ಅವಳ ಐದು ವಿಡಿಯೋ ಗೇಮ್‌ಗಳು. ಪ್ರತಿಯೊಂದರ ಡಬ್ಬಿಗೂ ಅರಿಶಿನ, ಕುಂಕುಮ, ಮೇಲೊಂದು ಸೇವಂತಿಗೆ.

“ಅಜ್ಜಿ, ಇದು ಯಾಕೆ ಇಲ್ಲಿದೆ? ನಾನು ಟೇಬಲ್ ಮೇಲೆ ಇಟ್ಟಿದ್ದೆ.”

“ಇವತ್ತು ಆಯುಧಪೂಜೆ ಅಲ್ವಾ ಪುಟ್ಟಿ. ನಾಳೆ ಬೆಳಿಗ್ಗೆ ಮರುಪೂಜೆ ಮಾಡಿ ಎತ್ಕೊಡ್ತೀನಿ. ಅಲ್ಲೀವರೆಗೂ ಯಾರೂ ಕದಲಿಸೋ ಹಾಗಿಲ್ಲ,” ಎಂದರು ಅಜ್ಜಿ ಅನಸೂಯಮ್ಮ. ಅವರು ಮೈಸೂರಿನಿಂದ ಅಮೆರಿಕಕ್ಕೆ, ಮಗನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ದಿನದಿಂದ ಈ ಮನೆಯಲ್ಲಿ ಗೂಗಲ್ ಕ್ಯಾಲೆಂಡರಿಗಿಂತ ಪಂಚಾಂಗಕ್ಕೇ ಮರ್ಯಾದೆ ಹೆಚ್ಚು.

ಜಾಹ್ನವಿ ಗಡಿಯಾರ ನೋಡಿದಳು. ನಾಳೆ ಎಂದರೆ ಆಗುವುದೇ ಇಲ್ಲ.

ಎಲ್ಲಾ ನೇತ್ರಾಳಿಂದ. ಇವರ ಬಡಾವಣೆಯಾದ ಎಜುಕೇಶನ್ ಹಿಲ್‌ನಲ್ಲಿ ಪಕ್ಕದ ಮನೆಯಲ್ಲೇ ಇದ್ದ ಗೆಳತಿ ನೇತ್ರಾ, ಆಗಸ್ಟಿನಲ್ಲಿ ಮುಕಿಲ್ಟಿಯೊ ಎಂಬ ಊರಿಗೆ ಹೋಗಿಬಿಟ್ಟಿದ್ದಳು. ಅವಳಪ್ಪನಿಗೆ ಅಲ್ಲಿ ವಿಮಾನದ ಫ್ಯಾಕ್ಟರಿಯಲ್ಲಿ ಕೆಲಸ. ಈಗ ಅವಳ ಹತ್ತಿರ ಹೊಸ ಗೇಮ್ ಒಂದಿದೆ. ಇಬ್ಬರ ಹತ್ತಿರವೂ ಅದಿದ್ದರೆ, ಅವರವರ ಮನೆಯಲ್ಲೇ ಕೂತು ಹರಟುತ್ತ ಒಟ್ಟಿಗೆ ಆಡಬಹುದು. ಜಾಹ್ನವಿಯ ಹತ್ತಿರ ಅದಿಲ್ಲ.

“ಹೊಸದು ಬೇಕಿದ್ರೆ ಹಳೇದನ್ನ ಟ್ರೇಡ್ ಮಾಡು,” ಎಂದಿದ್ದರು ಅಪ್ಪ ಬದರಿನಾಥ. ಸರಿ, ಹಳೇ ಗೇಮ್ ತಗೊಳ್ಳುವ ಆನ್‌ಲೈನ್ ಅಂಗಡಿಯೊಂದರಲ್ಲಿ ಅವಳೇ ಐದರ ಹೆಸರನ್ನೂ ಹಾಕಿದಳು. ಗೀರು ಬಿದ್ದದ್ದಕ್ಕೆ ಗೀರಿದೆ ಎಂದೇ ಬರೆದಳು. ಅಂಗಡಿ ಹೇಳಿದ ಬೆಲೆಗೆ ಐದನ್ನೂ ಕೊಟ್ಟರೆ ಹೊಸದೊಂದು ಬರುತ್ತಿತ್ತು. ಆದರೆ ಪಾರ್ಸೆಲ್ ಇವತ್ತೇ ಪೋಸ್ಟ್ ಆಗಬೇಕು. ತಪ್ಪಿದರೆ ಆ ಬೆಲೆ ರದ್ದು. ಮತ್ತೆ ಹೊಸದಾಗಿ ಹಾಕಿದರೆ ಸಿಗುವ ಬೆಲೆಯನ್ನು ನಿನ್ನೆ ನೋಡಿದ್ದಳು, ಮೊದಲಿನದರ ಅರ್ಧವೂ ಇಲ್ಲ.

ಪೋಸ್ಟ್ ಆಫೀಸ್ ಮುಚ್ಚುವುದು ಐದೂವರೆಗೆ. ಆಗಲೇ ನಾಲ್ಕೂಮುಕ್ಕಾಲು.

“ಅಪ್ಪಾ, ಪ್ಲೀಸ್, ಅಜ್ಜಿಗೆ ನೀನೇ ಹೇಳು.”

ಅಪ್ಪ ಸೋಫಾದ ಮೂಲೆಯಲ್ಲಿ ಕೂತು ಆಫೀಸಿನ ಇಮೇಲ್‌ಗಳನ್ನು ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಓದುತ್ತಿದ್ದರು. “ಬೆಳಿಗ್ಗೆಯಿಂದ ಕೇಳ್ತಿದೀನಿ, ನನ್ನ ಲ್ಯಾಪ್‌ಟಾಪೇ ಕೊಟ್ಟಿಲ್ಲ ಕಣಮ್ಮ.”

ಜಾಹ್ನವಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. “ನನ್ನ ಕೇಳದೆ ಯಾಕೆ ತಗೊಂಡೆ ಅಜ್ಜಿ? ಇಟ್ಸ್ ನಾಟ್ ಫೇರ್. ಸ್ಕೂಲ್ ಬುಕ್ಸ್ ಇಡಬಹುದಿತ್ತಲ್ಲ.”

ಅಜ್ಜಿಗೆ ಆ ಇಂಗ್ಲಿಷ್ ತಿಳಿಯದಿದ್ದರೂ ದನಿ ತಿಳಿಯಿತು.

“ಪುಸ್ತಕಾನೇ ಇಡೋಣ ಅಂದ್ಕೊಂಡೆ. ಆದ್ರೆ ಆ ನೇತ್ರಾ ಜೊತೆ ಕೂತು ಇದನ್ನ ಆಡ್ವಾಗ ಎಷ್ಟು ನಗ್ತಿದ್ದೆ ನೀನು. ಅವಳು ಹೋದ್ಮೇಲೆ ನಗೋದೇ ಬಿಟ್ಟಿದೀಯ. ಅದಕ್ಕೆ ಇದನ್ನೇ ಎಲ್ಲಕ್ಕಿಂತ ಮುಂದೆ ಇಟ್ಟು, ಈ ಮಗು ಮೊದಲಿನ ಹಾಗೆ ನಗಲಿ ತಾಯಿ ಅಂತ ಕೇಳ್ಕೊಂಡೆ.”

ಸಿಟ್ಟು ಎಲ್ಲಿ ಹೋಯಿತೋ. ಜಾಹ್ನವಿ ಬ್ಯಾಗ್ ಇಳಿಸಿ ಅಲ್ಲೇ ನೆಲದ ಮೇಲೆ ಕೂತಳು. ನೇತ್ರಾ, ಹೊಸ ಗೇಮ್, ಇವತ್ತಿನ ಪೋಸ್ಟ್, ಎಲ್ಲವನ್ನೂ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು.

“ಓ, ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳೋ ಹಾಗೆ,” ಎಂದರು ಅಜ್ಜಿ. “ಹೌದು ಬಿಡು. ನಾಳೆ ಬಾ ಅಂದ್ರೆ ಪಾತ್ರೆಯವಳು ಇವತ್ತಿನ ಪಾತ್ರೆ ಕೊಡಲ್ಲ.”

ಹೇಳಿದವರು ದೇವರ ಕಡೆಯೇ ನೋಡುತ್ತ ಕೂತುಬಿಟ್ಟರು. ಗಂಟೆ ಐದಾಯಿತು. ಜಾಹ್ನವಿ ತುಟಿ ಕಚ್ಚಿಕೊಂಡು ಕಾದಳು. ಕೊನೆಗೆ ಅಜ್ಜಿ ಎದ್ದು, ಕರ್ಪೂರ ಹಚ್ಚಿ ಆರತಿ ಮಾಡಿದರು.

“ಪೂಜೆಗಿಟ್ಟಿದ್ದನ್ನ ಎತ್ತೋ ಮುಂಚೆ ಒಂಚೂರು ಉತ್ತರಕ್ಕೆ ಸರಿಸ್ಬೇಕು. ಈ ಊರಲ್ಲಿ ಸೂರ್ಯಾನೇ ಕಾಣಲ್ಲ. ಉತ್ತರ ಯಾವ ಕಡೆಯೇ?”

ಹಿಂದೊಮ್ಮೆ ಮುಕಿಲ್ಟಿಯೊಗೆ ಹೋಗುವಾಗ ಕಾರಿನ ಸ್ಕ್ರೀನಿನ ಮ್ಯಾಪಿನಲ್ಲಿ ಬಾಣ ಉತ್ತರಕ್ಕೇ ತಿರುಗಿತ್ತು. ಜಾಹ್ನವಿ ಕಿಟಕಿ ತೋರಿಸಿದಳು. “ಆ ಕಡೆ ಅಜ್ಜಿ. ನೇತ್ರಾ ಮನೆ ಕಡೆ.”

“ಹಾಗಾದ್ರೆ ಅವಳ ಕಡೆಗೇ ಸರಿಸು, ನಾನೂ ಹಿಡ್ಕೊತೀನಿ.”

ಮಣೆ ಒಂದಿಂಚು ಕಿಟಕಿಯ ಕಡೆ ಸರಿಯಿತು. ಡಬ್ಬಿಗಳ ಮೇಲಿದ್ದ ಕುಂಕುಮವನ್ನು ಅಜ್ಜಿ ಬೆರಳಿನಿಂದ ತೆಗೆದು ಮೊಮ್ಮಗಳ ಹಣೆಗಿಟ್ಟರು. ಐದು ಡಬ್ಬಿಯ ಕುಂಕುಮಕ್ಕೆ ಹಣೆ ಸಾಲದೆ ಮೂಗಿಗೂ ಬಂತು.

“ಅಮ್ಮಾ, ನನ್ನ ಲ್ಯಾಪ್‌ಟಾಪನ್ನೂ ಹಾಗೇ ಉತ್ತರಕ್ಕೆ…” ಎಂದು ಅಪ್ಪ ರಾಗ ಎಳೆದರು.

“ನೀನು ಸುಮ್ಮನೆ ಹೋಗಿ ಕಾರ್ ತೆಗಿ ಬದರಿ.”

ಡಬ್ಬಿಗಳನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಟೇಪ್ ಹಚ್ಚಿ, ಜಾಹ್ನವಿ ಶೂ ಹಾಕಿಕೊಂಡು ಬಾಗಿಲಿಗೆ ಓಡಿದಳು. ಬೈ ಹೇಳಲು ತಿರುಗಿದರೆ, ಅಜ್ಜಿ ಖಾಲಿ ಮಣೆಯ ಮುಂದೆ ಕಣ್ಣು ಮುಚ್ಚಿ ಕೂತಿದ್ದರು.

“ಒಂದು ದಿನ ಮುಂಚೆ ಎತ್ತಿಬಿಟ್ಟೆ ತಾಯಿ. ತಪ್ಪಾಗಿದ್ರೆ ನಂದು, ಮಗೂದಲ್ಲ.”

ಜಾಹ್ನವಿ ಬಾಗಿಲಲ್ಲೇ ನಿಂತಳು. ಅಜ್ಜಿಗೆ ಅದನ್ನು ಎತ್ತಿಕೊಡುವುದು ಇಷ್ಟು ಕಷ್ಟವಾಗಿತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ಗಂಟೆ ಐದೂ ಹತ್ತು.

ಅವಳು ಶೂ ಬಿಚ್ಚಿ ಒಳಗೆ ಬಂದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಪಕ್ಕ ಕೂತಳು.

“ಹೋಗೇ, ಲೇಟಾಗತ್ತೆ.”

“ಐದೇ ನಿಮಿಷದ ದಾರಿ ಅಜ್ಜಿ. ಅರ್ಧ ತಪ್ಪು ನಂದು ಅಂತಾನೂ ಸೇರಿಸು,” ಎಂದು ಜಾಹ್ನವಿ ಕೈ ಮುಗಿದು ಕಣ್ಣು ಮುಚ್ಚಿದಳು.