ಬಿಸಿಲುಂಡ ಆರು ಬಾಟಲಿ

ಚಂಪಕ್ಕನನ್ನು ಕಂಡದ್ದೇ ಹಂಸಾ ಎದ್ದು ನಿಂತಳು. "ನನ್ನ ಹೊಟ್ಟೆ ಮೇಲೆ ಹೊಡೆದಿದ್ದಾರೆ, ಚಂಪಕ್ಕ. ಯಾರು ಅಂತ ಹೇಳಿ, ಸಾಕು."

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ಕನ್ನಡದವರ ಮನೆಗಳಲ್ಲಿ ಏನು ಎಡವಟ್ಟಾದರೂ ಮೊದಲು ಕರೆ ಹೋಗುತ್ತಿದ್ದುದು ಚಂಪಕ್ಕನಿಗೆ. ಉಕ್ಕಿನ ಕಾರ್ಖಾನೆಯ ಪ್ರಯೋಗಾಲಯದಿಂದ ನಿವೃತ್ತಳಾದವಳು. ಅಲ್ಲೇ ಕ್ರೇನ್ ಓಡಿಸಿ ನಿವೃತ್ತನಾದ ಪಕ್ಕದ ಮನೆಯ ಮಂಜಪ್ಪ ಎಲ್ಲಿಗೂ ಅವಳ ಜೊತೆ ಹೋಗುತ್ತಿದ್ದ.

ಹಂಸಾ ಯಾವ ಪತ್ರಿಕೆಯ ನೌಕರಿಗೂ ಸೇರದೆ ಬರೆದೇ ಬದುಕಿದವಳು. ವಿಜಯವಾಡದಲ್ಲಿ ವರದಿಗಳಿಂದ ಶುರು ಮಾಡಿ, ಪ್ರಬಂಧ ಬರೆದು, ಕೊಂಡಪಲ್ಲಿಯ ಬೊಂಬೆ ಕೆತ್ತುವವರ ಬಗ್ಗೆ ಬರೆದು, ಕೊನೆಗೆ ವೈನ್ ಅಂಕಣದಿಂದ ಹೆಸರಾಗಿದ್ದಳು. ಮರುದಿನ ವಿಶಾಖಪಟ್ಟಣದ ಹೋಟೆಲೊಂದರಲ್ಲಿ, ಹೆಸರು ಮುಚ್ಚಿದ ಆರು ಬಾಟಲಿಗಳ ವೈನನ್ನು ಜನರೆದುರು ಮೂಸಿ, ರುಚಿ ನೋಡಿ ತೀರ್ಪು ಹೇಳಬೇಕಿತ್ತು. ತಯಾರಕರು ತಲಾ ಒಂದೇ ಬಾಟಲಿ ಕಳಿಸಿದ್ದರು. ಹೋಟೆಲಿನ ಉಗ್ರಾಣದಲ್ಲಿ ಸೆಕೆಯೆಂದು ಅವನ್ನು ಅವಳ ಮನೆಯ ಎಸಿ ಕೋಣೆಯಲ್ಲಿ ಇಟ್ಟಿದ್ದರು.

ಕೋಣೆಯ ಬಾಗಿಲು ತೆಗೆದದ್ದೇ ಹುಳಿತ ಹಣ್ಣಿನ ನಾತಕ್ಕೆ ಮಂಜಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ಎಸಿ ತಣ್ಣಗೆ ಓಡುತ್ತಿತ್ತು. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಆರೂ ಬಾಟಲಿಗಳ ಬಿರಡೆ ಮೇಲೆದ್ದು, ವೈನ್ ಸೋರಿ ಅಂಟಾಗಿತ್ತು.

"ಯಾವಾಗ ನೋಡಿದೆ?"

"ಬೆಳಗಿನಿಂದ ಇದೇ ಮೇಜಲ್ಲಿ ಬರೀತಿದ್ದೆ. ಮಧ್ಯಾಹ್ನ ಪೆಟ್ಟಿಗೆ ಎಳೆದಾಗ ಗೊತ್ತಾಯ್ತು. ನಿನ್ನೆ ನಾನು ವಿಜಯವಾಡದಲ್ಲಿದ್ದಾಗ ಅನಿರುದ್ಧ್ ಬಂದಿದ್ದ. ನನ್ನ ಅಂಕಣದ ಮೇಲೆ ಅವನ ಕಣ್ಣು. ಸಂಪಾದಕರಿಗೆ ಅವನ ಹೆಸರು ಹೇಳಿದೀನಿ. ಇನ್ನು ಅವನದೊಂದು ಸಾಲೂ ಹಾಕಲ್ಲ ಅಂದರು."

ವಿಜಯವಾಡದ ಪಟಮಟದಲ್ಲಿ ಬೆಳೆದ ಆ ಎಳೆಯ ಬರಹಗಾರ ಹಜಾರದ ಮೂಲೆಯಲ್ಲಿ ನಿಂತಿದ್ದ. "ನಾನು ಒಳಗೇ ಬರಲಿಲ್ಲ ಅಕ್ಕ," ಎಂದ.

"ಕರೆಂಟ್ ಹೋಗಿರ್ಬೇಕು ಬಿಡಿ," ಎಂದ ಹಂಸಾಳ ಗಂಡ ಗಿರೀಶ್. ನೌಕಾಪಡೆಯವನು, ಮಾತು ಕಡಿಮೆ.

"ಪೋಲೇದು ಸಾರ್," ಎಂದಳು ಅಡುಗೆಯ ಅನ್ನಪೂರ್ಣಮ್ಮ. "ಹೋಗಲಿಲ್ಲ. ಕರೆಂಟ್ ನಿನ್ನೆ ದಿನವೆಲ್ಲ ಇತ್ತು. ಆ ಬಾಬು ವರಾಂಡಾದಲ್ಲಿ ಕಾಫಿ ಕುಡಿದು ಹೋದ."

"ನಿಮಗೆ ಆ ಬಾಟಲಿ ಕಂಡರೆ ಆಗಲ್ಲವಂತೆ?" ಎಂದಳು ಚಂಪಕ್ಕ.

"ಆಗಲ್ಲಮ್ಮ. ನನ್ನ ಪೊರಕೆ ಕೂಡ ಆ ಪೆಟ್ಟಿಗೆ ಕಡೆ ಹೋಗಲ್ಲ."

ಗಿರೀಶ್ ಹಂಸಾಳಿಗೆ ಮೊಸರನ್ನ ತಂದ. ಕೊಡುವ ಮುಂಚೆ ತಟ್ಟೆಯನ್ನು ಮೂಸಿದ. ಗಂಡ ಅಂದರೆ ಹೀಗಿರಬೇಕು ಅಂದುಕೊಂಡ ಮಂಜಪ್ಪ.

ಚಂಪಕ್ಕ ಹೊರಗೆ ಹೋಗಿ ನೆರಳಿಲ್ಲದ ಅಂಗಳದಲ್ಲಿದ್ದ ಗಿರೀಶನ ಕಾರಿನ ಸುತ್ತ ಒಂದು ಸುತ್ತು ಬಂದಳು. ಡಿಕ್ಕಿಯ ಸಂದಿಯಲ್ಲಿ ಇರುವೆ ಸಾಲು ಹತ್ತಿತ್ತು. ಅವಳು ಬಗ್ಗಿ ಸಂದಿಯನ್ನು ಮೂಸಿದಳು.

"ಗೊತ್ತಾಯ್ತಾ?" ಎಂದ ಮಂಜಪ್ಪ.

"ಆಯ್ತು. ಹೇಳಿದರೆ ಹಂಸಾ ಹೋದಳು. ಹೇಳದಿದ್ದರೆ ಆ ಹುಡುಗ ಹೋದ. ಏನು ಮಾಡಲಿ ಮಂಜಣ್ಣ?"

ಮಂಜಪ್ಪ ಹಜಾರದಲ್ಲಿ ನಿಂತ ಹುಡುಗನ ಕಡೆ ನೋಡಿದ.

ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಚಂಪಕ್ಕ ಮೆಲ್ಲಗೆ ಹೇಳಿದಳು. "ಬಿರಡೆ ಹಾಗೆ ಏಳಬೇಕಾದರೆ ಬಾಟಲಿ ಇಡೀ ದಿನ ಬಿಸಿಲಲ್ಲಿ ಬೇಯಬೇಕು. ಕೋಣೆ ತಣ್ಣಗಿತ್ತು. ಅಂದರೆ ಪೆಟ್ಟಿಗೆ ಹೊರಗೆ ಹೋಗಿ, ವಾಪಸ್ ಬಂದಿದೆ. ಅನಿರುದ್ಧ್ ಕಾಫಿ ಕುಡಿದು ಹೋದವನು. ಅನ್ನಪೂರ್ಣಮ್ಮ ಅದನ್ನು ಮುಟ್ಟೋರಲ್ಲ, ಅದಕ್ಕೇ ಅದು ಹೋದದ್ದೂ ಅವರಿಗೆ ತಿಳೀಲಿಲ್ಲ. ನಿನ್ನೆ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಗೆ ಇವತ್ತು ಇರುವೆ ಮುತ್ತಿದೆ."

ಗಿರೀಶ್ ತಲೆ ತಗ್ಗಿಸಿದ.

"ಯಾಕೆ?" ಎಂದಳು ಹಂಸಾ.

"ನಿನಗೋಸ್ಕರ," ಎಂದಳು ಚಂಪಕ್ಕ. "ಆ ನಾತದಲ್ಲಿ ಬೆಳಗೆಲ್ಲ ಕೂತು ಬರೆದೆಯಲ್ಲಮ್ಮ, ನಿನ್ನ ಮೂಗಿಗೆ ಹತ್ತಲೇ ಇಲ್ಲ. ನಿನ್ನ ಅನ್ನವನ್ನೂ ಅವರೇ ಮೂಸಿ ಕೊಡ್ತಾರೆ. ವೈನನ್ನೂ ಅವರೇ ಮೂಸಿ ಹೇಳ್ತಿದ್ರು, ಅಲ್ವಾ? ನಾಳೆ ಜನರೆದುರು ಅವರು ಪಕ್ಕದಲ್ಲಿ ಇರೋ ಹಾಗಿರಲಿಲ್ಲ. ವೈನೇ ಕೆಟ್ಟರೆ ಕಾರ್ಯಕ್ರಮ ನಿಲ್ಲುತ್ತೆ ಅಂತ ಹೀಗೆ ಮಾಡಿದ್ರು."

ಹಂಸಾ ಗೋಡೆ ನೋಡುತ್ತ ಹೇಳಿದಳು. "ಒಂದು ಜ್ವರ ಬಂದು ಹೋದಮೇಲೆ ಮೂಗಿಗೆ ಏನೂ ಹತ್ತಲ್ಲ. ಇವತ್ತಲ್ಲ ನಾಳೆ ವಾಪಸ್ ಬರುತ್ತೆ ಅಂದ್ಕೊಂಡೇ ಬರೀತಾ ಹೋದೆ."

ಆಮೇಲೆ ಫೋನ್ ಎತ್ತಿಕೊಂಡಳು.

"ಬೇಡ ಅಕ್ಕ," ಎಂದ ಅನಿರುದ್ಧ್. "ನಾನು ಹೇಗೋ ಮಾಡ್ಕೋತೀನಿ."

ಅವಳು ಸಂಪಾದಕರಿಗೆ ಎಲ್ಲ ಹೇಳಿದಳು. ಅನಿರುದ್ಧನದು ತಪ್ಪಿಲ್ಲ ಎಂದು ಎರಡು ಸಲ ಹೇಳಿದಳು. ಆಚೆಯ ದನಿ ಎಲ್ಲರಿಗೂ ಕೇಳುತ್ತಿತ್ತು. "ಇನ್ನು ಏನೂ ಕಳಿಸಬೇಡಿ ಹಂಸಾ."

"ಬೊಂಬೆಯವರ ಲೇಖನ? ಅದು ನಾನೇ ಕಣ್ಣಾರೆ ಕಂಡದ್ದು."

"ಅದನ್ನೂ ಈಗ ಯಾರು ನಂಬ್ತಾರಮ್ಮ?"

ಫೋನ್ ಸುಮ್ಮನಾಯಿತು. ಗಿರೀಶ್ ಅವಳ ಹೆಗಲ ಮೇಲೆ ಕೈಯಿಡಲು ಹೋದ. ಹಂಸಾ ಜರುಗಿ ಕೂತಳು. ಚಂಪಕ್ಕ ಬಾಗಿಲಲ್ಲಿ ಕಾಯುತ್ತಿದ್ದಳು. ಹೋಗಿಬರ್ತೀವಿ ಎಂದು ಮಂಜಪ್ಪ ಚಪ್ಪಲಿ ಮೆಟ್ಟಿದ. ಇನ್ನೊಮ್ಮೆ ಬನ್ನಿ ಎನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.