ಸಿಡುಕಿ ಇಲ್ಲದ ಮುಖಪುಟ

"ಆ ಹುಡುಗಿ ನಿಮಗೇನು ಅನ್ಯಾಯ ಮಾಡಿದ್ಳು?"

ಬಾಗಿಲಲ್ಲಿ ನಿಂತೇ ಅವಳು ಕೇಳಿದಳು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ಕಿಟಕಿಯ ಪಕ್ಕ ಕುಳಿತು ಕುಂಚ ತೊಳೆಯುತ್ತಿದ್ದವನು ತಲೆಯೆತ್ತಿದ.

ಅವಳು ಲೇಖಕಿ. ಅವನು ಅವಳ ಪುಸ್ತಕಗಳ ಚಿತ್ರಕಾರ. ನಾಲ್ಕು ಪುಸ್ತಕಗಳನ್ನು ಜೊತೆಯಾಗಿ ಮಾಡಿದವರು ಒಬ್ಬರನ್ನೊಬ್ಬರು ಕಂಡದ್ದು ಇದೇ ಮೊದಲು!

ಕಥೆ ಹೋಗುವುದೂ ಚಿತ್ರ ಬರುವುದೂ ಪ್ರಕಾಶಕರ ಮೂಲಕವೇ. ಆದರೆ ಹಿಂದಿರುಗಿದ ಹಸ್ತಪ್ರತಿಯ ಅಂಚಿನಲ್ಲಿ ಅವನು ಪೆನ್ಸಿಲಿನಿಂದ ಏನಾದರೂ ಗೀಚಿರುತ್ತಿದ್ದ. ಒಮ್ಮೆ ಅವಳಿಗೆ ಜ್ವರವೆಂದು ಯಾರೋ ಹೇಳಿದ್ದಿರಬೇಕು, ಪುಟದ ಮೂಲೆಯಲ್ಲಿ ಕಂಬಳಿ ಹೊದ್ದ ಬೆಕ್ಕೊಂದು ಮಲಗಿತ್ತು. ಆ ಗೀಚುಗಳಿಗಾಗಿ ಅವಳು ಎಷ್ಟು ಕಾಯುತ್ತಿದ್ದಳೆಂಬುದು ಅವಳಿಗೆ ಮಾತ್ರ ಗೊತ್ತು...

ಕೆಳಗಿನ ಹೊಲಿಗೆಯಂಗಡಿಯಲ್ಲಿದ್ದ ಅವನ ಅಕ್ಕ ಇವಳ ಮುಖ ನೋಡಿಯೇ ದಾರಿ ಬಿಟ್ಟಿದ್ದಳು. "ಚಪ್ಪಲಿ ಇಲ್ಲೇ ಬಿಡಮ್ಮ. ಕೋಪ ಬೇಕಾದ್ರೆ ಮೇಲಕ್ಕೆ ತಗೊಂಡು ಹೋಗು."

ಅವಳು ಹಾಗೆಯೇ ಮಾಡಿದ್ದಳು.

ಅವಳ ಪುಸ್ತಕಗಳಲ್ಲಿ ಐವರು ಹುಡುಗಿಯರು. ಒಬ್ಬಳು ಮುಟ್ಟಿದರೆ ಒಡೆದದ್ದು ಕೂಡುತ್ತದೆ. ಒಬ್ಬಳಿಗೆ ಗೋಡೆಯಾಚೆಯ ಅಳು ಕೇಳಿಸುತ್ತದೆ. ಒಬ್ಬಳು ಗಾಳಿಯನ್ನು ಹೆಸರಿಟ್ಟು ಕರೆಯುತ್ತಾಳೆ. ಮತ್ತೊಬ್ಬಳ ನೆರಳು ಅವಳನ್ನು ಬಿಟ್ಟು ತಾನೇ ಓಡಾಡಿಕೊಂಡಿರುತ್ತದೆ. ಐದನೆಯವಳು ಸಿಡುಕಿ. ಅವಳಿಗೆ ಸಿಟ್ಟು ಬಂದರೆ ಬೀಗ ಕರಗುತ್ತದೆ.

ಹೊಸ ಪುಸ್ತಕದ ಮುಖಪುಟದಲ್ಲಿ ನಾಲ್ವರೇ ಇದ್ದರು. ನಾಲ್ವರೂ ನಗುತ್ತಿದ್ದರು. ಸಿಡುಕಿಯ ಮುಖ ನೋಡಿದರೆ ಮಕ್ಕಳು ಹೆದರುತ್ತಾರೆ, ಅವಳನ್ನು ಬಿಟ್ಟುಬಿಡೋಣ ಎಂದು ಚಿತ್ರಕಾರರೇ ಹೇಳಿದರೆಂದು ಪ್ರಕಾಶಕರು ತಿಳಿಸಿದ್ದರು.

ಚಿಕ್ಕಂದಿನಲ್ಲಿ ಮನೆಯ ಫೋಟೋ ತೆಗೆಯುವಾಗಲೆಲ್ಲ ಚಿಕ್ಕಪ್ಪ ಅವಳಿಗೂ ಹೀಗೇ ಹೇಳುತ್ತಿದ್ದರು, ಮೂತಿ ಸರಿಮಾಡಿಕೋ, ಇಲ್ಲವೇ ಪಕ್ಕಕ್ಕೆ ಹೋಗು ಎಂದು. ಹಾಗೆ ಪಕ್ಕಕ್ಕೆ ಹೋದ ಹುಡುಗಿಯನ್ನೇ ಅವಳು ಕೈಹಿಡಿದು ಪುಸ್ತಕದೊಳಗೆ ಕರೆತಂದಿದ್ದಳು.

'ಇವನಿಗಾದರೂ ಅವಳು ಅರ್ಥವಾಗಿದ್ದಾಳೆ ಅಂದುಕೊಂಡಿದ್ದೆನಲ್ಲ...'

ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಬೆನ್ನೆಲುಬಿಲ್ಲದವನೆಂದಳು, ಬಣ್ಣ ಬಳಿಯುವವರಿಗೆ ಮನಸ್ಸಿನ ಬಣ್ಣ ಎಲ್ಲಿ ಕಾಣಬೇಕು ಎಂದಳು. ಬೀಸಾಡುತ್ತಿದ್ದ ಅವಳ ತೋಳಿಗೆ ತಾಗದಂತೆ ಅವನು ಮಸಿಯ ಬಾಟಲಿಯನ್ನು ಮೆಲ್ಲಗೆ ಆಚೆ ಸರಿಸಿದ. ಅದು ಅವಳ ಕಣ್ಣಿಗೆ ಬಿತ್ತು, ಆ ಸಿಟ್ಟಿನಲ್ಲಿ ಮನಸ್ಸಿಗೆ ಬೀಳಲಿಲ್ಲ.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಕುಂಚವನ್ನು ಮೇಜಿನ ಮೇಲೆ ಕುಕ್ಕಿದ.

"ಅವಳನ್ನ ತೆಗೀರಿ ಅಂತ ಒಪ್ಪಿಗೆ ಕೊಟ್ಟಿದ್ದು ನೀವು. ಈಗ ಬಂದು ನನ್ನ ಬೈತಿದ್ದೀರಲ್ಲ!"

"ನಾನಾ? ಯಾರು ಹೇಳಿದ್ದು?"

"ಪ್ರಕಾಶಕರು. ಲೇಖಕಿಯೇ ಒಪ್ಪಿದಾರೆ, ನಿಮ್ದೇನು ಅಂದ್ರು. ಆಮೇಲೆ ನಿದ್ದೆ ಬಂದಿಲ್ಲ ನನಗೆ. ಹೆತ್ತವಳೇ ಬೇಡ ಅಂದ್ರೆ ನಾನೇನು ಮಾಡ್ಲಿ ಅಂತ, ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ?"

ಕೆಳಗೆ ಹೊಲಿಗೆಯಂತ್ರದ ಸದ್ದು ನಿಂತಿತ್ತು. ಅಕ್ಕ ಕಿವಿಗೊಟ್ಟಿದ್ದಳೋ ಏನೋ.

ಅವಳ ಕೈಯಲ್ಲಿದ್ದ ಮುಖಪುಟವನ್ನು ಅವನು ಬಿಡಿಸಿ ಹರಡಿದ. "ಇದು ನನ್ನ ಕೈಕೆಲಸವೇ? ಒಂದ್ಸಲ ನೋಡಿ."

ಆಗ ನೋಡಿದಳು. ಅವನು ಬರೆಯುವ ಹುಡುಗಿಯರ ಮೊಣಕಾಲು ತರಚಿರುತ್ತದೆ, ಉಗುರು ಕಚ್ಚಿ ಮೊಂಡಾಗಿರುತ್ತದೆ. ಈ ನಾಲ್ವರು ಮದುವೆಗೆ ಹೊರಟವರ ಹಾಗೆ ಇದ್ದರು. ಕೆಳಗೆ ಚಿತ್ರಕಾರರ ಹೆಸರಿನ ಜಾಗದಲ್ಲಿ ಇನ್ನಾರದೋ ಹೆಸರಿತ್ತು. ಇಲ್ಲದ ಹುಡುಗಿಯನ್ನೇ ಹುಡುಕುತ್ತಾ ಇಲ್ಲದ ಹೆಸರನ್ನು ಅವಳು ಗಮನಿಸಿರಲೇ ಇಲ್ಲ.

ಸಿಡುಕಿಯ ತುಟಿಗೆ ಒಂದು ನಗು ಅಂಟಿಸಿ ಎಂದು ಪ್ರಕಾಶಕರು ಮೊದಲು ಕೇಳಿದ್ದರಂತೆ. ಅವನು ಆಗುವುದಿಲ್ಲ ಎಂದ. ಅವನನ್ನೂ ಬಿಟ್ಟರು, ಸಿಡುಕಿಯನ್ನೂ ಬಿಟ್ಟರು.

ಅವಳ ಕೋಪ ಇಳಿಯಲಿಲ್ಲ, ದಿಕ್ಕು ಬದಲಿಸಿತು. ಅಲ್ಲಿಂದಲೇ ಪ್ರಕಾಶಕರಿಗೆ ಫೋನ್ ಮಾಡಿದಳು. ಸಿಡುಕಿಯೂ ಈ ಚಿತ್ರಕಾರನೂ ಇಲ್ಲದಿದ್ದರೆ ಪುಸ್ತಕವೂ ಇಲ್ಲ ಎಂದಳು. ಹಾಗಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂಬ ಉತ್ತರ ಬಂತು. ನೋಡಿಕೊಳ್ಳುತ್ತೇನೆ ಎಂದು ಫೋನಿಟ್ಟಳು.

ಅವನು ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿಟ್ಟು, ಕುರ್ಚಿ ಒರೆಸಿ, ಅವಳತ್ತ ಸರಿಸಿದ.

"ಹಸ್ತಪ್ರತಿ ಬಂದಾಗ ಮೊದಲು ಸಿಡುಕಿ ಇರೋ ಪುಟಗಳನ್ನೇ ಓದ್ತಿದ್ದೆ," ಎಂದ. "ಅವಳು ಯಾರು ಅಂತ ಗೊತ್ತಿತ್ತು. ಅವಳ ಮೇಲೆ ಮನಸ್ಸಾಗಿ ಎಷ್ಟೋ ದಿನ ಆಯ್ತು. ಹೇಳೋಕೆ ಅಂಚಿನಲ್ಲಿ ಜಾಗ ಸಾಲ್ತಿರಲಿಲ್ಲ."

ಅವಳು ಕುಳಿತಳು. ಕಣ್ಣು ತುಂಬಿದ್ದರೂ ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

"ನನಗೆ ಕೋಪ ಬೇಗ ಬರುತ್ತೆ. ಬೇಗ ಹೋಗಲ್ಲ."

"ಹೋಗೋವರೆಗೂ ಇಲ್ಲೇ ಇರಿ."

"ಹೋದ ಮೇಲೆ?"

ಅವನು ಕುಂಚ ಕೈಗೆತ್ತಿಕೊಂಡ.

"ಮತ್ತೆ ಬರಿಸ್ತೀನಿ."